ಸೈಟಮ್ಮನ ಮಗಳು

ಜನವರಿ 11

ಮಗಳೇ,

ನೀನು ಚೆನ್ನಾಗಿದ್ದೀಯ ಎಂದು ನಂಬಿ ಈ ಕಾಗದ ಬರೆಯುತ್ತಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ನಿನ್ನ ಸುದ್ದಿಯೆಲ್ಲ ನನಗೆ ಈಗ ಮೂರನೆಯವರಿಂದಲೇ ಗೊತ್ತಾಗಬೇಕಾಗಿದೆ. ನಿನ್ನೆ ಔಷಧಿ ಅಂಗಡಿಯ ಮುಂದೆ ನಮ್ಮ ಸಂಸ್ಥೆಯ ಹಳೆಯ ಟೈಪಿಸ್ಟ್ ಸಿಕ್ಕಿದ್ದಳು. "ಮಗಳು ಹೊಸ ಫಾರ್ಮ್ಯಾಟಿನ ತಂಡಕ್ಕೆ ಸೇರ್ಕೊಂಡ್ಳಂತೆ. ನಿಮ್ಗೆ ತುಂಬಾ ಸಂತೋಷ ಆಗಿರ್ಬೇಕಲ್ವಾ?" ಅಂದಳು. "ಹೂಂ, ತುಂಬಾ" ಅಂದೆ. ಕೈಯಲ್ಲಿದ್ದ ಚೀಲವನ್ನು ಅಲ್ಲೇ ಮರೆತು ಮನೆಗೆ ಬಂದೆ. ನಿಮ್ಮಪ್ಪ ಹೋಗಿ ತಂದರು.

ಯಾವ ಫಾರ್ಮ್ಯಾಟಿನ ಮಾತು ಬಂದಾಗ ಸಭೆಯಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಂದೆನೋ, ಯಾವುದಕ್ಕಾಗಿ ಅದೇ ವಾರ ರಾಜೀನಾಮೆ ಬರೆದುಕೊಟ್ಟೆನೋ, ಅದೇ ತಾನೆ? ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ. ಸಿಟ್ಟು ಬಂದಾಗ ಮೊದಲಿನಿಂದ ಹೇಳುವುದು ನನ್ನ ಚಟ. ಒಂದು ಪ್ರೋಗ್ರಾಮ್ ಡಿಸ್ಕಿನ ಮೇಲೆ ಹೇಗೆ ಮುದುಡಿ ಮಲಗಿರಬೇಕು, ಎಬ್ಬಿಸಿದಾಗ ಮೆಮೊರಿಯಲ್ಲಿ ಎಲ್ಲಿ ಕೈಕಾಲು ಚಾಚಬೇಕು ಅನ್ನುವ ಕಟ್ಟುಪಾಡೇ ಫಾರ್ಮ್ಯಾಟು. ನಮ್ಮ ಆಪರೇಟಿಂಗ್ ಸಿಸ್ಟಮಿಗೆ ಅದನ್ನು ಬರೆದವಳು ನಾನು. ಎಲ್ಲ ಪ್ರೋಗ್ರಾಮುಗಳೂ ಹಂಚಿಕೊಂಡು ಬಳಸುವ ಕೋಡಿನ ಕಟ್ಟುಗಳಾದ ಲೈಬ್ರರಿಗಳಿಗೆ ಮೆಮೊರಿಯಲ್ಲಿ ಒಂದೊಂದು ಖಾಯಂ ಜಾಗ ಬೇಕು. ಎರಡು ಲೈಬ್ರರಿ ಒಂದೇ ಜಾಗಕ್ಕೆ ಬಂದು ಕೂತರೆ ಎರಡೂ ಕೆಡುತ್ತವೆ. ಅದಕ್ಕೇ ಯಾರು ಹೊಸ ಲೈಬ್ರರಿ ಬರೆದರೂ ನನ್ನ ಮೇಜಿನ ಮುಂದೆ ಬಂದು ಜಾಗ ಕೇಳುತ್ತಿದ್ದರು. 'ಸೈಟಮ್ಮ' ಎಂದು ಹೆಸರಿಟ್ಟರು. ತಮಾಷೆಗೇ ಕರೆದರೂ ಎದ್ದು ನಿಂತು ಕರೆಯುತ್ತಿದ್ದರು.

ಈಗ ನನ್ನ ಹಳೆಯ ಜೊತೆಗಾತಿ ಆ ಗಿಣಿ ತರುತ್ತಿರುವ ಫಾರ್ಮ್ಯಾಟಿನಲ್ಲಿ ಯಾವ ಲೈಬ್ರರಿ ಎಲ್ಲಿ ಬೇಕಾದರೂ ಕೂರಬಹುದಂತೆ. ಯಾರ ಅಪ್ಪಣೆಯೂ ಬೇಡವಂತೆ. ಸರಿ, ತರಲಿ. ಆದರೆ ಅದನ್ನು ತರುವುದಕ್ಕೆ ಅಷ್ಟು ದೊಡ್ಡ ಸಂಸ್ಥೆಯಲ್ಲಿ ಅವಳಿಗೆ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಬೇಕಾಯಿತಾ?

ಇತಿ,
ನಿನ್ನ ಅಮ್ಮ

ಜನವರಿ 24

ಪ್ರೀತಿಯ ಅಮ್ಮನಿಗೆ,

ನಾನೇ ಹೇಳಬೇಕಿತ್ತು. ಪ್ರತಿ ಸಲ ಫೋನ್ ಮಾಡಿದಾಗಲೂ ಬಾಯಿ ತೆರೆದಿದ್ದೆ. ಪ್ರತಿ ಸಲವೂ ನೀನು "ಆಫೀಸಿನ ಸುದ್ದಿ ಬೇಡ, ಊಟ ಏನ್ಮಾಡ್ದೆ ಹೇಳು" ಅನ್ನುತ್ತಿದ್ದೆ.

ನನ್ನನ್ನು ಯಾರೂ ಎಳೆದುಕೊಳ್ಳಲಿಲ್ಲ, ನಾನೇ ಕೇಳಿ ಸೇರಿದೆ. ನೀನು ಹೋದ ಮೇಲೆ ಮುದ್ರಣದ ಲೈಬ್ರರಿ ತನ್ನ ಸೈಟು ಮೀರಿ ಬೆಳೆದು ಪಕ್ಕದವರ ಗೋಡೆಗೆ ತಾಗಿತು. ಅದನ್ನು ಬೇರೆ ಕಡೆ ಕೂರಿಸಿ, ಅದನ್ನು ನೆಚ್ಚಿಕೊಂಡಿದ್ದ ಪ್ರತಿ ಪ್ರೋಗ್ರಾಮನ್ನೂ ಮತ್ತೆ ಕಟ್ಟಿ ಮುಗಿಸುವಷ್ಟರಲ್ಲಿ ಬೇಸಿಗೆಯೇ ಕಳೆದುಹೋಯಿತು. ಹಂಚಲು ಖಾಲಿ ಸೈಟೇ ಉಳಿದಿಲ್ಲ, ಅಮ್ಮ. ನೀನು ಇದ್ದಿದ್ದರೂ ಉಳಿಯುತ್ತಿರಲಿಲ್ಲ. ಇದನ್ನು ನೋಯಿಸಲು ಹೇಳುತ್ತಿಲ್ಲ.

ಇನ್ನೊಂದು ವಿಷಯ. ಇದನ್ನಾದರೂ ಬೇರೆಯವರಿಂದ ಕೇಳುವುದು ಬೇಡ. ಹಾಸ್ಟೆಲಿನಲ್ಲಿ ನೀರಿಲ್ಲ, ಪಕ್ಕದಲ್ಲಿ ಕಟ್ಟಡ ಕೆಡವುತ್ತಿದ್ದಾರೆ. ಹಾಗಾಗಿ ಚಿಕ್ಕಮ್ಮನ, ಅಂದರೆ ನಿನ್ನ ಗಿಣಿಯ, ಮನೆಯ ಮಹಡಿ ಕೋಣೆಗೆ ಬಂದಿದ್ದೇನೆ. ತಂಡದ ಮುಖ್ಯಸ್ಥೆ ಅಂತ ಅಲ್ಲ, ಚಿಕ್ಕವಳಿದ್ದಾಗಿನಿಂದ ನೋಡಿದವರು ಅಂತ ಬಂದೆ.

ಒಂದು ಸಹಾಯ ಬೇಕು. ಮೊದಲು ಬದಲಾಯಿಸುವುದು ಮಕ್ಕಳ ಆಸ್ಪತ್ರೆಯ ಮಷೀನು. ಸಿಸ್ಟಮ್ ನಡೆಯುತ್ತಿರುವಾಗಲೇ ಹಳೆಯ ಲೈಬ್ರರಿಗಳನ್ನು ಪಕ್ಕಕ್ಕೆ ಸರಿಸಿ ಅಲ್ಲಿಗೆ ಹೊಸವನ್ನು ತಂದು ಕೂರಿಸಬೇಕು. ಯಾವುದರ ನಂತರ ಯಾವುದನ್ನು ಸರಿಸಬೇಕು ಅನ್ನುವುದು ನಿನಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಬರೆದು ಕಳಿಸುತ್ತೀಯಾ?

ಅಪ್ಪನಿಗೆ ನಮಸ್ಕಾರ ಹೇಳು.

ನಿನ್ನ,
ಪುಟ್ಟಿ

ಫೆಬ್ರವರಿ 9

ಮಗಳೇ,

ಚಿಕ್ಕಮ್ಮ ಅನ್ನುವುದನ್ನು ಬಿಡು. ಅವಳು ನನ್ನ ತಂಗಿಯಲ್ಲ. ಮಲತಾಯಿಯನ್ನೂ ಚಿಕ್ಕಮ್ಮ ಅಂತಲೇ ಕರೆಯುತ್ತಾರೆ, ನೆನಪಿರಲಿ.

ಆ ಮಹಡಿ ಕೋಣೆ ನನಗೆ ಗೊತ್ತು. ಕಿಟಕಿ ತೆಗೆದರೆ ರೈಲು ಹಳಿ ಕಾಣುತ್ತದೆ, ಗಾಡಿ ಹೋದಾಗ ಬಾಗಿಲಿನ ಚಿಲಕ ಅದರುತ್ತದೆ. ನೀನು ಹುಟ್ಟುವ ಮೊದಲು ನಾವಿಬ್ಬರೂ ಅದೇ ನೆಲದ ಮೇಲೆ ಕಾಗದ ಹರಡಿಕೊಂಡು ಈ ಸಿಸ್ಟಮಿನ ಮೊದಲ ಸಾಲು ಬರೆದೆವು. ಒಂದು ಮಾತಿಗೆ ನಾಲ್ಕು ಸಲ "ಯಾಕೆ, ಯಾಕೆ" ಅನ್ನುತ್ತಿದ್ದಳು, ಅದಕ್ಕೇ ಗಿಣಿ ಎಂದು ಹೆಸರಿಟ್ಟೆ. ಈಗ ಅದೇ ನೆಲದ ಮೇಲೆ ನೀನು ಮಲಗುತ್ತೀಯ, ಅವಳು ಕೆಳಗಿನಿಂದ ಊಟಕ್ಕೆ ಕರೆಯುತ್ತಾಳೆ. ಏನು ಬಡಿಸುತ್ತಾಳೆ? ಉಪ್ಪಿನ ಅಂದಾಜು ಬಂದಿದೆಯಾ ಈಗಲಾದರೂ? ನಿನ್ನ ತಲೆನೋವು ಅವಳಿಗೆ ಗೊತ್ತಾ? ಬಿಸಿಲಿನಲ್ಲಿ ಬಂದ ದಿನ ನಿನ್ನನ್ನು ಮಾತಾಡಿಸಬಾರದು ಅನ್ನುವುದು ಗೊತ್ತಾ? ಗೊತ್ತಿಲ್ಲದಿದ್ದರೆ ನೀನು ಹೇಳಬೇಡ. ಅಷ್ಟಾದರೂ ನನ್ನದಾಗಿ ಇರಲಿ.

ಯಾವುದರ ನಂತರ ಯಾವುದು ಎಂದು ಕೇಳಿದ್ದೀಯ. ಹೇಳುವುದಿಲ್ಲ. ಮರೆತಿದ್ದೇನೆ ಎಂದು ಸುಳ್ಳು ಹೇಳಬಹುದಿತ್ತು. ಮರೆತಿಲ್ಲ, ಕಣ್ಣು ಮುಚ್ಚಿದರೂ ಹೇಳಬಲ್ಲೆ. ಆದರೆ ನನ್ನ ಮನೆಗೆ ಬೀಗ ಹಾಕುವುದು ಹೇಗೆಂದು ನಾನೇ ತೋರಿಸಿಕೊಡಬೇಕಾ? ನಿನ್ನ ಗಿಣಿಯನ್ನೇ ಕೇಳು.

ಹೊಟ್ಟೆಕಿಚ್ಚು ಎಂದುಕೊಂಡರೆ ಅಂದುಕೋ. ಅದೇ.

ಇತಿ,
ಅಮ್ಮ

ತಾ.ಕ.: ಪುಟ್ಟಿ, ಇದು ಅಪ್ಪ. ಲಕೋಟೆ ಅಂಟಿಸುವುದಕ್ಕೆ ನನ್ನ ಕೈಗೆ ಕೊಟ್ಟಿದ್ದಾಳೆ, ಅದಕ್ಕೇ ಎರಡು ಸಾಲು ಸೇರಿಸುತ್ತಿದ್ದೇನೆ. ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಳೆ. ನೀನು ತಪ್ಪು ಮಾಡಿಲ್ಲ. ಅವಳೂ ಮಾಡಿಲ್ಲ ಎಂದು ನಾನು ಹೇಳಲೇಬೇಕು, ಈ ಮನೆಯಲ್ಲಿ ಇರಬೇಕಾದವನು ನಾನು.

ಮಾರ್ಚ್ 2

ಅಮ್ಮ,

ನಿನ್ನೊಬ್ಬಳಿಗೇ ಹೊಟ್ಟೆಕಿಚ್ಚು ಪಡಲು ಬರುತ್ತದೆ ಎಂದುಕೊಂಡಿದ್ದೀಯಾ?

ಶಾಲೆ ಬಿಟ್ಟ ಮೇಲೆ ನಾನು ನಿನ್ನ ಆಫೀಸಿನ ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದೆ. ನಿನ್ನ ಮೇಜಿನ ಮುಂದೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಸೈಟು ಕೊಡಿ ಅನ್ನುವವರು, ದೊಡ್ಡದು ಕೊಡಿ ಅನ್ನುವವರು, ಪಕ್ಕದವರು ಒತ್ತುವರಿ ಮಾಡಿದ್ದಾರೆ ಎಂದು ದೂರು ತಂದವರು. ಅವರ ಮಾತನ್ನು ನೀನು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದೆ. ನಾನು ಬಾಯಿ ತೆರೆದರೆ "ಸ್ವಲ್ಪ ಇರು ಪುಟ್ಟಿ" ಅನ್ನುತ್ತಿದ್ದೆ. ಆ ಸ್ವಲ್ಪ ಮುಗಿಯುವ ಹೊತ್ತಿಗೆ ನಾನು ಏನು ಹೇಳಬೇಕೆಂದಿದ್ದೆ ಅನ್ನುವುದೇ ಮರೆತುಹೋಗಿರುತ್ತಿತ್ತು. ನನಗೆ ಆ ಫಾರ್ಮ್ಯಾಟಿನ ಮೇಲೆ ಕಿಚ್ಚಿತ್ತು. ಮನೆಯಲ್ಲಿ ನನಗಿಂತ ಮೊದಲು ಹುಟ್ಟಿದ, ಎಲ್ಲದರಲ್ಲೂ ಜಾಣೆಯಾದ ಅಕ್ಕನೊಬ್ಬಳು ಇದ್ದ ಹಾಗೆ. ಅದನ್ನು ತೆಗೆದುಹಾಕುವುದಕ್ಕೇ ಈ ಕೆಲಸ ಒಪ್ಪಿಕೊಂಡೆ ಎಂದುಕೊಳ್ಳಬೇಡ. ಸ್ವಲ್ಪ ಮಟ್ಟಿಗೆ ಅದಕ್ಕೂ ಒಪ್ಪಿಕೊಂಡೆ.

ಇಲ್ಲಿ ಇವತ್ತಿಗೂ ನನಗೆ ಹೆಸರಿಲ್ಲ. ಲಿಫ್ಟಿನಲ್ಲಿ, ಕ್ಯಾಂಟೀನಿನಲ್ಲಿ, ಎಲ್ಲೇ ಹೋದರೂ "ಸೈಟಮ್ಮನ ಮಗಳಲ್ವಾ?" ಅನ್ನುತ್ತಾರೆ. ನಾನು ಬರೆದದ್ದು ಚೆನ್ನಾಗಿದ್ದರೆ "ರಕ್ತದಲ್ಲೇ ಇದೆ ಬಿಡಿ." ಕೆಟ್ಟರೆ "ಅಮ್ಮನ ಹಾಗಲ್ಲ ಇವಳು."

ನೀನು ಹೇಳದಿದ್ದರೆ ಬೇಡ. ನಾವೇ ಕಂಡುಕೊಳ್ಳುತ್ತೇವೆ. ಚಿಕ್ಕಮ್ಮ ಅನ್ನುವುದನ್ನೂ ಬಿಡುವುದಿಲ್ಲ. ಅಡುಗೆಗೆ ಉಪ್ಪು ಸರಿಯಾಗಿಯೇ ಹಾಕುತ್ತಾರೆ.

ನಿನ್ನ ಮಗಳು

ಮೇ 20

ಅಮ್ಮ,

ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಆದರೆ ಮೊನ್ನೆ ಆದದ್ದನ್ನು ಹಾಗೇ ಬಿಡುವುದಕ್ಕಾಗುವುದಿಲ್ಲ. ನಿನಗೆ ಫೋನಿನ ಆ ತುದಿ ಮಾತ್ರ ಗೊತ್ತು, ಈ ತುದಿ ಗೊತ್ತಿಲ್ಲ.

ಆಸ್ಪತ್ರೆಯ ಮಷೀನ್ ಕೋಣೆ ಔಷಧಿ ಕೊಡುವ ಕೌಂಟರಿನ ಹಿಂದೆಯೇ ಇದೆ, ನಡುವೆ ಒಂದು ಗಾಜು ಅಷ್ಟೆ. ಬೆಳಗಿನ ಹೊತ್ತಿಗೇ ಉದ್ದ ಸಾಲು. ಹೆಗಲ ಮೇಲೆ ಮಗು ಹಾಕಿಕೊಂಡ ತಾಯಂದಿರು, ಚೀಟಿ ಹಿಡಿದ ಅಜ್ಜಂದಿರು. ಸಿಸ್ಟಮಿನ ತಿರುಳಾದ ಕರ್ನಲ್ ಹೊಸದನ್ನು ಹಾಕಿ ಆಗಿತ್ತು, ಅದು ಎರಡೂ ಫಾರ್ಮ್ಯಾಟುಗಳನ್ನು ಓದುತ್ತಿತ್ತು. ಹೊಸ ಲೈಬ್ರರಿಗಳೂ ತಯಾರಿದ್ದವು. ಹಳೆಯವನ್ನು ಪಕ್ಕದ ಡೈರೆಕ್ಟರಿಗೆ ಸರಿಸುವ ಕಮಾಂಡ್ ಟೈಪ್ ಮಾಡಿದವಳು ನಾನು. ಅವುಗಳ ಹೊಸ ವಿಳಾಸವನ್ನು ಮೊದಲು, ಪ್ರೋಗ್ರಾಮುಗಳನ್ನು ಎಬ್ಬಿಸುವ ಲೋಡರಿಗೆ ತಿಳಿಸಿ ಆಮೇಲೆ ಸರಿಸಬೇಕಿತ್ತು. ನಾನು ಮೊದಲು ಸರಿಸಿಬಿಟ್ಟೆ.

ಮುಂದಿನ ಕಮಾಂಡಿಗೆ ಮಷೀನು 'ಲೈಬ್ರರಿ ಸಿಗುತ್ತಿಲ್ಲ' ಎಂದಿತು. ಅದರ ಮುಂದಿನದಕ್ಕೂ ಅದೇ. ಫೈಲುಗಳ ಪಟ್ಟಿ ಕೇಳಿದೆ, ಅದಕ್ಕೂ ಲೈಬ್ರರಿ ಬೇಕು. ನಕಲು ಮಾಡೋಣವೆಂದರೆ ಅದಕ್ಕೂ ಬೇಕು. ಸರಿಸಿದ್ದನ್ನು ವಾಪಸ್ ತರೋಣವೆಂದರೆ, ತರುವ ಕಮಾಂಡಿಗೇ ಆ ಲೈಬ್ರರಿ ಬೇಕು! ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡಿದ್ದೆ.

ಕೌಂಟರಿನವರು ಗಾಜು ತಟ್ಟಿದರು. "ಮೇಡಂ, ಸ್ಕ್ರೀನ್ ಏನೂ ತೋರಿಸ್ತಿಲ್ಲ. ಯಾವ ಮಗೂಗೆ ಎಷ್ಟು ಡೋಸ್ ಅಂತ ಹೇಗೆ ನೋಡ್ಲಿ? ಅಂದಾಜಿನ ಮೇಲೆ ಕೊಡಕ್ಕಾಗತ್ತಾ?"

ನನ್ನ ಕೈ ಸ್ವಿಚ್ಚಿನ ಕಡೆ ಹೋಯಿತು. ಪಕ್ಕದಲ್ಲೇ ಕೂತಿದ್ದ ಚಿಕ್ಕಮ್ಮ ಕೈ ಹಿಡಿದುಕೊಂಡರು. "ಆಫ್ ಮಾಡ್ಬೇಡ! ಈಗ ಆಫ್ ಮಾಡಿದ್ರೆ ಮತ್ತೆ ಏಳಲ್ಲ ಇದು." ಆಮೇಲೆ ಅಂದರು, "ನಿಮ್ಮಮ್ಮಂಗೆ ಫೋನ್ ಮಾಡು."

"ಅಮ್ಮ ಎತ್ತಲ್ಲ."

"ಎತ್ತಾಳೆ. ಮಾಡು ನೀನು."

ನೀನು ಎತ್ತಿದೆ. ನಾನು ಆದದ್ದನ್ನು ಹೇಳಿದೆ. ನೀನು ಎಷ್ಟು ಹೊತ್ತು ಸುಮ್ಮನಿದ್ದೆಯೆಂದರೆ ಲೈನು ಕಡಿದುಹೋಯಿತು ಎಂದುಕೊಂಡೆ. ಆಮೇಲೆ ಕೇಳಿದೆ, "ಗಿಣಿ ಇದ್ಯಾ ಅಲ್ಲಿ?"

"ಇಲ್ಲೇ ಪಕ್ಕದಲ್ಲೇ ಇದ್ದಾರೆ."

"ಆ ಗಿಣಿ ಅಲ್ಲ ಕಣೇ. ಮಷೀನಿನೊಳಗಿನ ಗಿಣಿ. ಹೋಗ್ಲಿ, ಫೋನ್ ಅವಳ ಕೈಗೆ ಕೊಡು."

ಕೊಟ್ಟೆ. ಅಲ್ಲಿಂದ ಮುಂದೆ ನಾನು ಆ ಕೋಣೆಯಲ್ಲಿ ಇರಲೇ ಇಲ್ಲ ಎಂಬಂತಾಯಿತು. ನೀನು ಹೇಳಿದ್ದನ್ನು ಕೇಳಿ ಚಿಕ್ಕಮ್ಮ ನಕ್ಕರು. "ಅಯ್ಯೋ, ಅದನ್ನ ಇನ್ನೂ ಇಟ್ಟಿದ್ದೀಯೇನೆ ನೀನು?" ಎಂದು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಟೈಪ್ ಮಾಡತೊಡಗಿದರು. ಯಾವ ಲೈಬ್ರರಿಯ ಹಂಗೂ ಇಲ್ಲದೆ ಒಂಟಿಯಾಗಿ ಓಡುವ, ಹಳೆಯ ಜಾಗದಿಂದ ಹೊಸ ಜಾಗಕ್ಕೆ ದಾರಿ ತೋರಿಸುವುದಷ್ಟೇ ಗೊತ್ತಿರುವ ಪುಟ್ಟ ಪ್ರೋಗ್ರಾಮ್. ಅದರ ಹೆಸರು ಗಿಣಿ. ನಾನು ಅದನ್ನು ಎಷ್ಟೋ ಸಲ ನೋಡಿದ್ದೆ, ಯಾರೋ ಬಿಟ್ಟುಹೋದ ಕಸ ಎಂದುಕೊಂಡಿದ್ದೆ. ಗಾಜಿನ ಆಚೆ ಸ್ಕ್ರೀನ್ ಬೆಳಗಿತು. ಸಾಲು ಮುಂದೆ ಸರಿಯಿತು.

ನೀವು ಫೋನ್ ಇಡಲಿಲ್ಲ. ಅವರ ಮಂಡಿನೋವು, ನಿನ್ನ ಕನ್ನಡಕ, ಯಾರೋ ಸತ್ತದ್ದು, ಯಾರದೋ ಮದುವೆ. ಪ್ಲಾನಿನ ಹಾಳೆಗಳನ್ನು ಎದೆಗೆ ಅವಚಿಕೊಂಡು ನಾನು ಗೋಡೆಗೆ ಒರಗಿ ನಿಂತಿದ್ದೆ. ಥೇಟ್ ಆ ಸ್ಟೂಲಿನ ಮೇಲೆ ಕೂತ ಹಾಗೆ.

ನೀನು ಆ ಮಕ್ಕಳನ್ನು ಕಾಪಾಡಿದೆ, ನನ್ನನ್ನೂ ಕಾಪಾಡಿದೆ. ಅದಕ್ಕೆ ಕೈ ಮುಗಿಯುತ್ತೇನೆ. ಆದರೂ ಆಮೇಲೆ ಕೂತು ಇಡೀ ಸಿಸ್ಟಮ್ ಜಾಲಾಡಿದೆ. ಗಿಣಿಯ ಹೆಸರಿನದು ಇದೆ, ಅಪ್ಪನ ಹೆಸರಿನದೂ ಒಂದಿದೆ. ನನ್ನ ಹೆಸರಿನದು ಒಂದೂ ಇಲ್ಲ.

ಪುಟ್ಟಿ

ಜೂನ್ 6

ಪುಟ್ಟಿ,

ಹೆಸರಿನ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಪ್ರೋಗ್ರಾಮನ್ನು ಒಂದಲ್ಲ ಒಂದು ದಿನ ಯಾರಾದರೂ ಅಳಿಸುತ್ತಾರೆ. ಅದಕ್ಕೇ ನಿನ್ನ ಹೆಸರಿಡಲಿಲ್ಲ. ನಿಮ್ಮಪ್ಪನ ಹೆಸರಿಟ್ಟದ್ದು ಜಗಳವಾಡಿದ ದಿನ.

ಸಿಸ್ಟಮ್ ಕಟ್ಟಿದ ಮೊದಲ ವರ್ಷ ನಿನಗಾದದ್ದೇ ಗಿಣಿಗೂ ಆಗಿತ್ತು. ಇಡೀ ಡಿಸ್ಕು ಮತ್ತೆ ತುಂಬಬೇಕಾಯಿತು. ಅವಳು ಮೂಲೆಯಲ್ಲಿ ಕೂತು ಅತ್ತಳು. ಇನ್ನೊಮ್ಮೆ ಹಾಗೆ ಅಳಬಾರದು ಎಂದು ಆ ಪ್ರೋಗ್ರಾಮ್ ಬರೆದೆ. ಎಲ್ಲರೂ ಬಾಯಿ ಮುಚ್ಚಿಕೊಂಡಾಗಲೂ ಮಾತಾಡುವುದು ಅವಳೊಬ್ಬಳೇ, ಅದಕ್ಕೇ ಪ್ರೋಗ್ರಾಮಿಗೂ ಅವಳ ಹೆಸರು. ಅವಳೊಡನೆ ನಾನು ಹಾಗೂ ಇದ್ದೆ ಅನ್ನುವುದು ನನಗೇ ಮರೆತಿತ್ತು.

ನಾನು ಫೋನಿನಲ್ಲಿ ಯಾಕೆ ಸುಮ್ಮನಿದ್ದೆ ಗೊತ್ತಾ? ಮಷೀನು ನಿಂತುಹೋಯಿತು ಎಂದೆ ನೀನು. ಅದನ್ನು ಕೇಳಿ ನನಗೆ ಮೊದಲು ಬಂದದ್ದು ಗಾಬರಿಯಲ್ಲ, ಸಂತೋಷ. ಕೊನೆಗೂ ಕೆಟ್ಟಿತಲ್ಲ, ಕೊನೆಗೂ ನನ್ನ ಹತ್ತಿರ ಬಂದರಲ್ಲ ಅಂತ. ಅಷ್ಟರಲ್ಲಿ ನಿನ್ನ ಹಿಂದೆ ಯಾವುದೋ ಮಗು ಕೆಮ್ಮಿತು. ಆ ಕೆಮ್ಮು ಕೇಳಿ ನನಗೆ ನಾಚಿಕೆಯಾಯಿತು. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ.

ಗಿಣಿ ನನಗೆ ಕಾಗದ ಬರೆದಿದ್ದಾಳೆ. ಉದ್ದದ್ದು. ಏನು ಬರೆದಿದ್ದಾಳೆ ಎಂದು ನಿನಗೆ ಹೇಳುವುದಿಲ್ಲ, ನಿನಗೂ ಸ್ವಲ್ಪ ಉರಿಯಲಿ.

ಇತಿ,
ಅಮ್ಮ

ಜುಲೈ 8

ಅಮ್ಮ,

ಏನು ಬರೆದಿದ್ದರು ಎಂದು ಇವತ್ತು ತಿಂಡಿಯ ಹೊತ್ತಿಗೆ ಗೊತ್ತಾಯಿತು. ಚಿಕ್ಕಮ್ಮ ಲೋಟ ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ಹೇಳಿದರು.

ಬಂದರಿನ ಕಚೇರಿ, ವಿದ್ಯುತ್ ಕಚೇರಿ, ಅಗ್ನಿಶಾಮಕ ಠಾಣೆ, ಇವುಗಳ ಮಷೀನುಗಳನ್ನು ಬದಲಾಯಿಸುವ ಮುಂದಿನ ಕೆಲಸ ನನ್ನ ಕೈಯಲ್ಲಿ ಆಗಬೇಕಿತ್ತು. ಆಸ್ಪತ್ರೆಯ ಘಟನೆಯಾದ ಮೇಲೆ ನಿರ್ದೇಶಕರು ಒಪ್ಪುತ್ತಿಲ್ಲವಂತೆ. "ಅನುಭವ ಇರೋರು ಒಬ್ರು ಮೇಲಿರ್ಲಿ. ಸೈಟಮ್ಮನ್ನೇ ಕರೆಸಿ, ಮಗಳು ಅವರ ಕೈಕೆಳಗೆ ಇರ್ಲಿ" ಅಂದರಂತೆ. ಚಿಕ್ಕಮ್ಮ ನಿನಗೆ ಬರೆದರಂತೆ. ಅವರ ದನಿಯಲ್ಲಿ ಎಷ್ಟು ಸಂತೋಷ ಇತ್ತೆಂದರೆ, ಅದು ನಿನ್ನ ಬರವಿಗೇ ಹೊರತು ನನ್ನ ಕೆಲಸಕ್ಕಲ್ಲ ಎಂದು ತಿಳಿಯಲು ನನಗೆ ತಡವಾಗಲಿಲ್ಲ.

ಕೆಲಸ ಬಿಟ್ಟ ಮೇಲೆ ನೀನು ಹೇಗಿದ್ದೀಯ ಎಂದು ನನಗೆ ಗೊತ್ತು. ಕಪಾಟಿನ ಡಬ್ಬಗಳನ್ನು ಮತ್ತೆ ಮತ್ತೆ ಜೋಡಿಸುತ್ತೀಯ ಎಂದು ಅಪ್ಪ ಹೇಳುತ್ತಿರುತ್ತಾರೆ. ನೀನು ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಕೆಲಸವೂ ತಪ್ಪಿಲ್ಲದೆ ಆಗುತ್ತದೆ. ಎಲ್ಲ ಗೊತ್ತಿದ್ದೇ ಕೇಳುತ್ತಿದ್ದೇನೆ. ಬರಬೇಡ.

ಬಂದರೆ ನಾನು ಬಿಟ್ಟುಹೋಗುವುದಿಲ್ಲ, ನಿನ್ನ ಹಾಗೆ ಕುರ್ಚಿ ತಳ್ಳುವುದಿಲ್ಲ. ನೀನು ಹೇಳಿದಷ್ಟು ಮಾಡಿಕೊಂಡು ಇರುತ್ತೇನೆ. ಆದರೆ ಆಮೇಲೆ ನಿನ್ನನ್ನು ಪ್ರೀತಿಯಿಂದ ನೋಡುವುದಕ್ಕೆ ನನ್ನ ಕೈಲಾಗುತ್ತದೋ ಇಲ್ಲವೋ, ಹೆದರಿಕೆಯಾಗುತ್ತದೆ.

ಈ ಕಾಗದ ಓದಿದ ಮೇಲೆ ನೀನು ಏನು ಬೇಕಾದರೂ ಅನ್ನು.

ನಿನ್ನ,
ಪುಟ್ಟಿ

ಜುಲೈ 30

ಪುಟ್ಟಿ,

ನಿನ್ನ ಕಾಗದ ಬಂದ ದಿನ ನಾನು ಪೆಟ್ಟಿಗೆ ತುಂಬುತ್ತಿದ್ದೆ. ಹೌದು, ಒಪ್ಪಿಕೊಂಡು ಬರೆಯುವುದಕ್ಕೂ ಮೊದಲೇ. ಸೀರೆಗಳಿಗೆ ಇಸ್ತ್ರಿ ಮಾಡಿಸಿಟ್ಟಿದ್ದೆ. ಅಲ್ಲಿಗೆ ಹೋಗಿ ಯಾರಿಗೆ ಏನು ಮಾತು ಹೇಳಬೇಕು ಎಂದು ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದ್ದೆ.

ಕಾಗದ ಓದಿ ಮೊದಲ ದಿನ ನಿನಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಎರಡನೆಯ ದಿನ ನಿಮ್ಮಪ್ಪನಿಗೆ ಬೈದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಅವಳ ವಯಸ್ಸಲ್ಲಿ ನಿನ್ನ ಮೇಲೆ ಯಾರಾದ್ರೂ ಇದ್ರಾ?" ಎಂದು ಕೇಳಿದರು. ಯಾರೂ ಇರಲಿಲ್ಲ. ನಾನೂ ಗಿಣಿಯೂ ಕೆಡಿಸಿದೆವು, ನಾವೇ ಸರಿಮಾಡಿದೆವು. ನಮ್ಮನ್ನು ಯಾರ ಮಗಳು ಎಂದು ಯಾರೂ ಕೇಳಲಿಲ್ಲ.

ನಿರ್ದೇಶಕರಿಗೆ ಬರುವುದಿಲ್ಲ ಎಂದು ಬರೆದು ಹಾಕಿದ್ದೇನೆ. "ಆ ತಪ್ಪನ್ನು ನನ್ನ ಮಗಳು ಮಾಡಿಯಾಗಿದೆ, ಇನ್ನೊಮ್ಮೆ ಮಾಡುವುದಿಲ್ಲ. ನಾನು ಇನ್ನೂ ಮಾಡಿಲ್ಲ, ಹಾಗಾಗಿ ನಾನು ಮಾಡಬಹುದು. ಯಾರನ್ನು ಮೇಲಿಡಬೇಕು ಎಂದು ನೀವೇ ಯೋಚಿಸಿ" ಎಂದು ಬರೆದೆ. ಅವರು ಒಪ್ಪಿದ್ದಾರಂತೆ. ಗಿಣಿ ನಿನ್ನೆ ಫೋನ್ ಮಾಡಿ ಅತ್ತಳು, ಆಮೇಲೆ "ಯಾಕೆ, ಯಾಕೆ" ಎಂದು ಕೇಳಿದಳು. ಅವಳಿಗೂ ಹೇಳಲಿಲ್ಲ.

ಇದನ್ನು ತ್ಯಾಗ ಗೀಗ ಎಂದು ಹೊಗಳಿದರೆ ಮುಂದಿನ ಬಸ್ಸಿಗೇ ಬಂದು ಕೆಲಸಕ್ಕೆ ಸೇರಿಬಿಡುತ್ತೇನೆ. ನನಗೆ ಬರಬೇಕೆಂದು ಬಹಳ ಆಸೆ ಇತ್ತು. ಈಗಲೂ ಇದೆ. ಬಂದರಿನ ಮಷೀನನ್ನು ನೀನು ಬದಲಾಯಿಸುವ ದಿನ ನಾನಿಲ್ಲಿ ಯಾವ ಕೆಲಸಕ್ಕೂ ಲಾಯಕ್ಕಿರುವುದಿಲ್ಲ. ಸರಿಹೋಗಲಿ ಎಂದು ಬೇಡಿಕೊಳ್ಳುತ್ತೇನೆ, ಸರಿಹೋದರೆ ನನಗೆ ಉರಿಯುತ್ತದೆ. ಎರಡೂ ನಿಜ. ಒಂದನ್ನು ಅಡಗಿಸಿ ಇನ್ನೊಂದನ್ನು ಮಾತ್ರ ನಿನಗೆ ತೋರಿಸುವಷ್ಟು ದೊಡ್ಡವಳಲ್ಲ ನಾನು.

ಈ ಕಿಚ್ಚು ಪೂರ್ತಿ ಆರಲಿ, ಆಮೇಲೆ ಮಗಳನ್ನು ನೋಡೋಣ ಎಂದು ಕೂತರೆ ನಿಮ್ಮಪ್ಪ ಒಬ್ಬರೇ ಬರಬೇಕಾಗುತ್ತದೆ. ಅದಕ್ಕೇ ಭಾನುವಾರ ಬೆಳಗಿನ ಬಸ್ಸಿಗೆ ಇಬ್ಬರೂ ಬರುತ್ತೇವೆ. ನೋಡಿಕೊಂಡು ಸಂಜೆಗೇ ಹೊರಡುತ್ತೇವೆ. ನಿನ್ನ ಹೊಸದು ಹೇಗೆ ನಡೆಯುತ್ತದೆ ಎಂದು ನನಗೆ ಕೂರಿಸಿ ತೋರಿಸು, ಆತುರ ಮಾಡಬೇಡ. ನನ್ನ ಬಾಯಿಂದ ಹೊಗಳಿಕೆ ಬರುವುದಿಲ್ಲ, ಅದಕ್ಕೆ ಕಾಯಬೇಡ. ತಪ್ಪಿದ್ದರೆ ಅಲ್ಲೇ ಹೇಳುತ್ತೇನೆ. ಸುಮ್ಮನಿದ್ದರೆ, ಚೆನ್ನಾಗಿದೆ ಎಂದು ತಿಳಿದುಕೋ.

ಇತಿ,
ನಿನ್ನ ಅಮ್ಮ